ಹಣೆಪಟ್ಟಿ ನೋಡಿ ಪುಸ್ತಕ ಕೊಡಬೇಡಿ

ಕೆಲವು ವರ್ಷಗಳ ಹಿಂದೆ ಪರಿಚಯದವರ ಮನೆಯ ಹದಿಮೂರು ವರ್ಷದ ಹುಡುಗಿಯೊಬ್ಬಳಿಗೆ ನಾನು ಒಂದು ಕಾದಂಬರಿ ಕೊಟ್ಟಿದ್ದೆ. ಅವಳಿಗೆ ಮಾತನಾಡುವಾಗ ಉಗ್ಗು ಬರುತ್ತಿತ್ತು; ಆ ಕಾದಂಬರಿಯ ನಾಯಕನಿಗೂ ಉಗ್ಗಿತ್ತು. ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ ತಂದ ಪುಸ್ತಕವಿದು ಎಂಬ ಸಮಾಧಾನ ನನಗಿತ್ತು. ವಾರ ಕಳೆಯುವುದರೊಳಗೆ ಅವಳು ಅದನ್ನು ಹಿಂದಿರುಗಿಸಿದಳು. ಪುಟದ ಗುರುತಿಗೆಂದು ಇಟ್ಟಿದ್ದ ಕಾಗದದ ಚೂರು ಹನ್ನೊಂದನೆಯ ಪುಟದಲ್ಲೇ ಉಳಿದಿತ್ತು. "ಇದೆಲ್ಲ ನನಗೆ ಗೊತ್ತಿರೋದೇ ಆಂಟಿ, ಬೇರೆ ಏನಾದ್ರೂ ಇದ್ಯಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅವಳು ಓದುತ್ತಿದ್ದುದು ಸಾಹಸದ ಕಥೆಗಳನ್ನು, ಕೊನೆಯವರೆಗೂ ಗುಟ್ಟು ಬಿಟ್ಟುಕೊಡದ ಪತ್ತೇದಾರಿ ಕಥೆಗಳನ್ನು. ಅದನ್ನು ನಾನು ಕೇಳಿಯೇ ಇರಲಿಲ್ಲ.

ಹದಿಹರೆಯದವರಿಗೆ ವೈವಿಧ್ಯಮಯ ಪಾತ್ರಗಳಿರುವ ಕಾದಂಬರಿಗಳನ್ನು ಸೂಚಿಸಿ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಹನ್ನೊಂದನೆಯ ಪುಟ ನೆನಪಾಗುತ್ತದೆ. ಇಂಥ ಪುಸ್ತಕಗಳು ಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರವು 1985ರಲ್ಲಿ ಲೆಕ್ಕ ಹಾಕಿದಾಗ, ಆ ವರ್ಷ ಆ ದೇಶದಲ್ಲಿ ಪ್ರಕಟವಾದ ಸುಮಾರು 2,500 ಮಕ್ಕಳ ಪುಸ್ತಕಗಳ ಪೈಕಿ ಕಪ್ಪು ಜನಾಂಗದ ಲೇಖಕರು ಅಥವಾ ಚಿತ್ರಕಾರರು ರಚಿಸಿದವು ಕೇವಲ 18 ಎಂದು ತಿಳಿದುಬಂದಿತ್ತು. ಇದಾದ ಐದು ವರ್ಷಗಳ ನಂತರ, 1990ರಲ್ಲಿ, ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ ಬರೆದ ಪುಟ್ಟ ಪ್ರಬಂಧವನ್ನು ಇಂದಿಗೂ ಎಲ್ಲರೂ ನೆನೆಯುತ್ತಾರೆ. ಪುಸ್ತಕವು ಓದುಗರಿಗೆ ಕನ್ನಡಿಯೂ ಆಗಬಲ್ಲದು, ಕಿಟಕಿಯೂ ಆಗಬಲ್ಲದು, ಸರಿಸಿ ಒಳಗೆ ಹೋಗಬಹುದಾದ ಗಾಜಿನ ಬಾಗಿಲೂ ಆಗಬಲ್ಲದು ಎಂದು ಅವರು ಬರೆದರು. ಕನ್ನಡಿ ಮತ್ತು ಕಿಟಕಿಯ ಮಾತು ಎಲ್ಲೆಡೆ ಹರಡಿತು. ಬಾಗಿಲಿನ ಮಾತು ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ. ನಾನು ಆ ಹುಡುಗಿಯ ಮುಂದೆ ಹಿಡಿದದ್ದು ಬರೀ ಕನ್ನಡಿ. ಅವಳಿಗೆ ಬೇಕಾಗಿದ್ದುದು ಬಾಗಿಲು. ತಮ್ಮನ್ನು ತಾವು ಎಲ್ಲ ಪುಸ್ತಕಗಳಲ್ಲೂ ಕಾಣುತ್ತಾ ಬೆಳೆಯುವ ಮಕ್ಕಳಿಗೆ ಬೇರೆಯವರ ಬದುಕಿನ ಕಿಟಕಿಗಳು ಬೇಕೇ ಬೇಕು, ಇಲ್ಲವಾದರೆ ಅವರಿಗೆ ತಮ್ಮ ಬಗ್ಗೆಯೇ ಅತಿಯಾದ ಕಲ್ಪನೆ ಬೆಳೆಯುತ್ತದೆ ಎಂದೂ ಬಿಷಪ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಹಾಗಾಗಿ ಇವು 'ಅಂಥ' ಮಕ್ಕಳಿಗೆಂದು ಬೇರೆ ಕಪಾಟಿನಲ್ಲಿ ಇಡುವ ಪುಸ್ತಕಗಳಲ್ಲ.

ನಾನು ಮೊದಲು ಕೈಗೆ ಕೊಡುವುದು ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. ಇದು 1976ರ ಕಾದಂಬರಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ 1933ರಲ್ಲಿ ನಡೆಯುವ ಕಥೆಯನ್ನು ಒಂಬತ್ತು ವರ್ಷದ ಕಪ್ಪು ಹುಡುಗಿ ಕ್ಯಾಸಿ ಲೋಗನ್ ಹೇಳುತ್ತಾಳೆ. ಮೊದಲ ಅಧ್ಯಾಯದಲ್ಲೇ ಒಂದು ಪ್ರಸಂಗವಿದೆ. ಶಾಲೆಯ ಮೊದಲ ದಿನ ಮಕ್ಕಳಿಗೆ ಪಠ್ಯಪುಸ್ತಕ ಹಂಚುತ್ತಾರೆ. ಕ್ಯಾಸಿಯ ತಮ್ಮ, ಮನೆಯಲ್ಲಿ 'ಲಿಟಲ್ ಮ್ಯಾನ್' ಎಂದು ಕರೆಸಿಕೊಳ್ಳುವ ಆರು ವರ್ಷದ ಪೋರ, ಬಟ್ಟೆಗೆ ಒಂದಿಷ್ಟು ಧೂಳು ಸೋಕಿದರೂ ಸಹಿಸದವನು. ಅವನ ಪಾಲಿಗೆ ಕೊಳಕಾದ ಹಳೆಯ ಪುಸ್ತಕ ಬರುತ್ತದೆ. ಬೇರೆ ಕೊಡಿ ಎಂದು ಕೇಳುತ್ತಾನೆ, ಸಿಗುವುದಿಲ್ಲ. ರಟ್ಟಿನ ಒಳಬದಿಯನ್ನು ತೆರೆದು ನೋಡಿದವನೇ ಪುಸ್ತಕವನ್ನು ನೆಲಕ್ಕೆ ಎಸೆದು ತುಳಿಯತೊಡಗುತ್ತಾನೆ. ಅಲ್ಲಿ ಆ ಪುಸ್ತಕವನ್ನು ಯಾವ ಯಾವ ವರ್ಷ ಯಾರಿಗೆ ಕೊಡಲಾಯಿತು ಎಂಬ ಪಟ್ಟಿಯಿದೆ: ಕೊಟ್ಟ ತಾರೀಖು, ಪುಸ್ತಕದ ಸ್ಥಿತಿ, ವಿದ್ಯಾರ್ಥಿಯ ಜನಾಂಗ. ಮೊದಲ ಹನ್ನೊಂದು ಸಲ ಅದು ಬಿಳಿಯ ಮಕ್ಕಳ ಕೈಯಲ್ಲಿತ್ತು. ಹನ್ನೆರಡನೆಯ ಸಲಕ್ಕೆ 'ಬಹಳ ಕಳಪೆ' ಎಂಬ ಸ್ಥಿತಿಗೆ ತಲುಪಿದ ಮೇಲೆ ಕಪ್ಪು ಮಕ್ಕಳ ಶಾಲೆಗೆ ಬಂದಿದೆ. ಜನಾಂಗದ ಅಂಕಣದಲ್ಲಿ ಬರೆದಿರುವುದು ಒಂದು ಬೈಗುಳದಂಥ ಪದ. ಕ್ಯಾಸಿ ಅದನ್ನು ಟೀಚರಿಗೆ ತೋರಿಸಿದರೆ, ನೀವು ಅದೇ ತಾನೇ ಎಂಬ ಉತ್ತರ ಬರುತ್ತದೆ. ಅಕ್ಕ ತಮ್ಮ ಇಬ್ಬರಿಗೂ ಏಟು ಬೀಳುತ್ತದೆ. ಅದೇ ಶಾಲೆಯಲ್ಲಿ ಟೀಚರಾಗಿರುವ ಅವರ ತಾಯಿ ವಿಷಯ ತಿಳಿದ ಮೇಲೆ ಹೆಚ್ಚು ಮಾತನಾಡುವುದಿಲ್ಲ. ಕಾಗದವನ್ನು ಅಳತೆಗೆ ಕತ್ತರಿಸಿ ಆ ಪಟ್ಟಿಯ ಮೇಲೆ ಅಂಟಿಸುತ್ತಾರೆ, ಬಳಿಕ ತಮ್ಮ ತರಗತಿಯ ಪುಸ್ತಕಗಳಿಗೂ ಹಾಗೆಯೇ ಮಾಡುತ್ತಾರೆ.

ಅನ್ಯಾಯವೆಂದರೇನು ಎಂದು ಹತ್ತು ಪುಟ ವಿವರಿಸಿದರೂ ಹದಿಹರೆಯದವರಿಗೆ ಮುಟ್ಟದೇ ಹೋಗಬಹುದಾದದ್ದನ್ನು ಈ ಒಂದು ಪಟ್ಟಿ ಮುಟ್ಟಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೋಗನ್ ಮಕ್ಕಳು ಬರೀ ನೊಂದವರಲ್ಲ. ಅವರು ಜಗಳವಾಡುತ್ತಾರೆ, ಹೊಂಚು ಹಾಕುತ್ತಾರೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ, ತಮ್ಮ ಮೇಲೆ ಕೆಸರು ಹಾರಿಸಿದ ಶಾಲಾ ಬಸ್ಸಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ.

ಕಾದಂಬರಿ ದಪ್ಪವಾಗಿದ್ದರೆ ದೂರ ಸರಿಯುವ ಮಕ್ಕಳಿಗೆ ಥನ್ಹಾ ಲಾಯ್ ಅವರ 'ಇನ್‌ಸೈಡ್ ಔಟ್ ಅಂಡ್ ಬ್ಯಾಕ್ ಅಗೇನ್' (2011) ಒಳ್ಳೆಯ ಆರಂಭ. ಇದು ಪದ್ಯರೂಪದಲ್ಲಿದೆ, ಪುಟದಲ್ಲಿ ಬಿಳಿ ಜಾಗ ಹೆಚ್ಚು, ಸಾಲುಗಳು ಚಿಕ್ಕವು. ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸಾಯಗಾನ್ ಪತನವಾದ 1975ರಲ್ಲಿ ದೇಶ ತೊರೆದು ಅಮೆರಿಕದ ಅಲಬಾಮಾಕ್ಕೆ ಬಂದು ನೆಲೆಸುವ ಕುಟುಂಬದ, 'ಹಾ' ಎಂಬ ಹೆಸರಿನ ಹತ್ತು ವರ್ಷದ ಹುಡುಗಿ ಇದರ ನಿರೂಪಕಿ. ಊರಿನಲ್ಲಿ ಓದಿನಲ್ಲಿ ಚುರುಕಾಗಿದ್ದವಳು ಅವಳು. ಹೊಸ ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಇಪ್ಪತ್ತರವರೆಗೆ ಎಣಿಸಿದ್ದಕ್ಕೆ ಇಡೀ ತರಗತಿ ಚಪ್ಪಾಳೆ ತಟ್ಟುತ್ತದೆ. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಮೆಚ್ಚುಗೆಯ ವೇಷದಲ್ಲಿ ಬರುವ ಅವಮಾನವನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳಿದ ಬರಹವನ್ನು ನಾನು ಹೆಚ್ಚು ಕಂಡಿಲ್ಲ. ಪುಸ್ತಕ ಹತ್ತು ಹನ್ನೆರಡರ ಮಕ್ಕಳಿಗೆಂದು ಬಂದದ್ದಾದರೂ, ಹೊಸ ಊರಿಗೆ, ಹೊಸ ಭಾಷೆಗೆ ಹೋಗಿ ಬಿದ್ದ ದೊಡ್ಡ ಮಕ್ಕಳಿಗೂ ಇದನ್ನು ಕೊಟ್ಟಿದ್ದೇನೆ.

ಹದಿನಾಲ್ಕು ದಾಟಿದವರಿಗೆ ಆಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್' (2017). ಹದಿನಾರರ ಕಪ್ಪು ಹುಡುಗಿ ಸ್ಟಾರ್ ತನ್ನ ಗೆಳೆಯ ಖಲೀಲ್ ಪೊಲೀಸನ ಗುಂಡಿಗೆ ಬಲಿಯಾಗುವುದನ್ನು ಕಣ್ಣಾರೆ ಕಾಣುತ್ತಾಳೆ. ಹಿಂಸೆಯಿದೆ, ಒರಟು ಮಾತುಗಳಿವೆ. ಕೊಡುವವರು ಮೊದಲು ಓದಿರಬೇಕು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಸದ್ದಿಲ್ಲದ ಸಂಗತಿ. ಸ್ಟಾರ್ ವಾಸಿಸುವ ಕೇರಿಯ ಮಾತೇ ಬೇರೆ, ಅವಳು ಓದುವ, ಹೆಚ್ಚಾಗಿ ಬಿಳಿಯರೇ ಇರುವ ಖಾಸಗಿ ಶಾಲೆಯಲ್ಲಿ ಅವಳಾಡುವ ಮಾತೇ ಬೇರೆ. ಕೇರಿಯ ಒಂದು ಪದವೂ ಬಾಯಿತಪ್ಪಿ ಬರದಂತೆ ಅವಳು ದಿನವಿಡೀ ಕಾವಲು ಕಾಯುತ್ತಾಳೆ. ಮನೆಯಲ್ಲೊಂದು, ಶಾಲೆಯಲ್ಲೊಂದು ಬಗೆಯಲ್ಲಿ ಮಾತನಾಡಿ ದಣಿಯುವ ಯಾವ ಮಗುವಿಗೂ ಇದು ದೂರದ ಕಥೆಯಲ್ಲ.

ಚಿತ್ರಗಳ ಮೂಲಕ ಓದಲು ಇಷ್ಟಪಡುವವರಿಗೆ ಜೀನ್ ಲುವೆನ್ ಯಾಂಗ್ ಅವರ 'ಅಮೆರಿಕನ್ ಬಾರ್ನ್ ಚೈನೀಸ್' (2006) ಇದೆ. ಕಾಲಿಗೆ ಪಾದರಕ್ಷೆಯಿಲ್ಲವೆಂದು ದೇವತೆಗಳ ಔತಣಕೂಟದ ಬಾಗಿಲಲ್ಲೇ ತಡೆಯಲ್ಪಡುವ ವಾನರರಾಜನಿಂದ ಅದು ಆರಂಭವಾಗುತ್ತದೆ. ಮನೆಯ ಬಿಗಿಗೂ ತನ್ನೊಳಗಿನ ಮಾತಿಗೂ ನಡುವೆ ಸಿಲುಕಿದ ಹುಡುಗಿಯ ಕಥೆ ಬೇಕಾದವರಿಗೆ ಎಲಿಜಬೆತ್ ಅಸೆವೆಡೊ ಅವರ 'ದಿ ಪೊಯೆಟ್ ಎಕ್ಸ್' (2018). ಅಪಘಾತದಲ್ಲಿ ಒಂದು ಕಾಲಿನ ಕೆಳಭಾಗವನ್ನು ಕಳೆದುಕೊಂಡು, ಕೃತಕ ಕಾಲಿನಲ್ಲಿ ಭರತನಾಟ್ಯವನ್ನು ಮತ್ತೆ ಕಲಿಯುವ ವೇದಾಳ ಕಥೆ ಪದ್ಮಾ ವೆಂಕಟರಾಮನ್ ಅವರ 'ಎ ಟೈಮ್ ಟು ಡಾನ್ಸ್' (2014). ಅದರಲ್ಲಿ ಕಾಲಿಗಿಂತ ನೃತ್ಯ ದೊಡ್ಡದು. ಅದಕ್ಕಾಗಿಯೇ ನಾನದನ್ನು ಸೂಚಿಸುತ್ತೇನೆ.

ಇದೇ ಕಾರಣಕ್ಕೆ ಆರ್. ಜೆ. ಪಲಾಸಿಯೊ ಅವರ 'ವಂಡರ್' (2012) ಕಾದಂಬರಿಯನ್ನು ಕೊಡುವಾಗ ನಾನು ಸ್ವಲ್ಪ ತಡವರಿಸುತ್ತೇನೆ. ಮುಖದ ರಚನೆ ಬೇರೆಯಾಗಿರುವ ಆಗಸ್ಟ್ ಎಂಬ ಹುಡುಗನ ಕಥೆಯದು. ನಿರೂಪಣೆ ಅವನ ಅಕ್ಕ ವಯಾಳ ಕೈಗೆ ಹೋದಾಗ, ಮನೆಯವರ ಗಮನವೆಲ್ಲ ತಮ್ಮನ ಸುತ್ತಲೇ ಸುತ್ತುವಾಗ ಅವಳು ಒಂಟಿಯಾಗಿ ಬೆಳೆದ ಪರಿ ಬಹಳ ನಿಜವೆನಿಸುತ್ತದೆ. ಆದರೆ ಕೊನೆಯಲ್ಲಿ ಸಭೆಯೆಲ್ಲ ಎದ್ದುನಿಂತು ಅವನಿಗೆ ಚಪ್ಪಾಳೆ ತಟ್ಟಿ ಪದಕ ಕೊಡುತ್ತದೆ. ಶಾಲೆಗೆ ಬಂದು ಓದಿದ್ದಕ್ಕೆ ಪದಕವೇಕೆ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ವಿಯೆಟ್ನಾಮಿನ ಹುಡುಗಿ 'ಹಾ' ಕೇಳಿಸಿಕೊಂಡ ಚಪ್ಪಾಳೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಮಕ್ಕಳೇ ವ್ಯತ್ಯಾಸವನ್ನು ಗುರುತಿಸುತ್ತಾರೆ.

ಬರೆದವರು ಯಾರು ಎಂಬುದನ್ನು ನೋಡಬೇಕೇ? ನಾನು ನೋಡುತ್ತೇನೆ, ಆದರೆ ಅಲ್ಲಿಗೇ ತೀರ್ಮಾನಿಸುವುದಿಲ್ಲ. ಪಾತ್ರದ ಗುರುತನ್ನು ಲೇಖಕರೂ ಹಂಚಿಕೊಂಡಿರುವ ಪುಸ್ತಕಗಳಿಗೆ 'ಓನ್ ವಾಯ್ಸಸ್' ಎಂಬ ಹೆಸರು 2015ರಲ್ಲಿ ಬಳಕೆಗೆ ಬಂದಿತು. ಲೇಖಕರು ತಮ್ಮ ಖಾಸಗಿ ಬದುಕನ್ನು ಬಿಚ್ಚಿಡಬೇಕಾದ ಇಕ್ಕಟ್ಟಿಗೆ ಅದು ದಾರಿಮಾಡಿದಾಗ, ಇಂಥ ಪುಸ್ತಕಗಳಿಗಾಗಿ ದುಡಿಯುವ 'ವಿ ನೀಡ್ ಡೈವರ್ಸ್ ಬುಕ್ಸ್' ಸಂಸ್ಥೆಯೇ 2021ರಲ್ಲಿ ಆ ಪದವನ್ನು ಕೈಬಿಟ್ಟಿತು. ನಾನು ಪುಸ್ತಕಕ್ಕೆ ಕೇಳುವ ಪ್ರಶ್ನೆ ಬೇರೆ: ಈ ಪಾತ್ರದ ಬಣ್ಣವನ್ನೋ ಭಾಷೆಯನ್ನೋ ಅಂಗವೈಕಲ್ಯವನ್ನೋ ಬದಿಗಿಟ್ಟು ನೋಡಿದರೆ, ಅದಕ್ಕೆ ಬೇಕು ಎನಿಸುವುದು, ಮಾಡಲೇಬೇಕು ಎನಿಸುವುದು ಇನ್ನೇನಾದರೂ ಉಳಿದಿದೆಯೇ? ಉಳಿದಿಲ್ಲವಾದರೆ ಅದು ಪಾಠ, ಕಾದಂಬರಿಯಲ್ಲ. ಹದಿಹರೆಯದವರು ಅದನ್ನು ಮೂರನೆಯ ಪುಟದಲ್ಲೇ ಕಂಡುಹಿಡಿಯುತ್ತಾರೆ.

ಈಗ ನಾನು ಕೊಡುವಾಗ ಪಾತ್ರದ ಗುರುತನ್ನು ಹೇಳುವುದೇ ಇಲ್ಲ. ಕಥೆಯ ಮೊದಲ ತೊಡಕನ್ನು ಎರಡು ವಾಕ್ಯದಲ್ಲಿ ಹೇಳಿ, ಎರಡು ಮೂರು ಪುಸ್ತಕಗಳನ್ನು ಒಟ್ಟಿಗೆ ಮುಂದಿಟ್ಟು, ಬೇಡವಾದದ್ದನ್ನು ಓದದೆಯೇ ಹಿಂದಿರುಗಿಸಬಹುದು ಎಂದು ಮೊದಲೇ ತಿಳಿಸುತ್ತೇನೆ. ಏಕೆ ಓದಲಿಲ್ಲ ಎಂದು ವಿಚಾರಿಸುವುದಿಲ್ಲ.

ಆ ಹುಡುಗಿಗೂ ಹೀಗೆಯೇ ಮೂರು ಪುಸ್ತಕ ಕೊಟ್ಟೆ. ಅವಳು ಆರಿಸಿಕೊಂಡದ್ದು ಟೇಲರ್ ಅವರದನ್ನು. ಹಿಂದಿರುಗಿಸಲು ಬಂದಾಗ ಜನಾಂಗದ ಬಗ್ಗೆಯಾಗಲಿ ಇತಿಹಾಸದ ಬಗ್ಗೆಯಾಗಲಿ ಅವಳು ಒಂದು ಮಾತನ್ನೂ ಆಡಲಿಲ್ಲ. ಲೋಗನ್ ಮಕ್ಕಳ ಗೆಳೆಯ ಟಿ.ಜೆ., ಹೊಗಳಿಕೆಗೆ ಮರುಳಾಗಿ ಕೆಟ್ಟವರ ಸಹವಾಸಕ್ಕೆ ಬಿದ್ದವನು, ಅಷ್ಟು ದಡ್ಡನಾಗಬಾರದಿತ್ತು ಎಂದು ಬಹಳ ಹೊತ್ತು ಅವನ ಮೇಲೆ ರೇಗಿದಳು. ಆಮೇಲೆ ಅವನಿಗೆ ಏನಾಯಿತು ಎಂದು ಕೇಳಿದಳು. ಅವನ ವಿಚಾರಣೆಯ ಕಥೆ 1981ರಲ್ಲಿ ಬಂದ 'ಲೆಟ್ ದ ಸರ್ಕಲ್ ಬಿ ಅನ್‌ಬ್ರೋಕನ್' ಎಂಬ ಮುಂದಿನ ಕಾದಂಬರಿಯಲ್ಲಿದೆ. ನಾನು ಏನನ್ನೂ ಹೇಳದೆ ಎದ್ದು ಹೋಗಿ ಅದನ್ನು ತಂದುಕೊಟ್ಟೆ.