ಅಪ್ರೆಂಟಿಸ್ ಅಂದರೆ ಅಗ್ಗದ ಆಳಲ್ಲ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮಷಿನ್ ಶಾಪ್‌ಗಳಲ್ಲೇ ನನ್ನ ಕೆಲಸ. ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ, ಹುಡುಗರಿಗೆ ಕಲಿಸುವುದೂ ಈಗ ನನ್ನ ತಲೆಗೇ ಬಂದಿದೆ. ಹಾಗಾಗಿ ಸ್ವಲ್ಪ ಖಾರವಾಗಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಅಪ್ರೆಂಟಿಸ್ ಕಾನೂನು 1961ರದ್ದು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ನೂರಕ್ಕೆ ಎರಡೂವರೆಯಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್, ಅಂದರೆ ಕಲಿಯುವಾಗ ಕೊಡುವ ಹಣ, ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಅಂತ ಇಟ್ಟಿದ್ದರು. 2016ರ ಕೇಂದ್ರದ ಯೋಜನೆಯಲ್ಲಿ ಅದರ ಕಾಲು ಭಾಗವನ್ನು, 1,500 ರೂಪಾಯಿವರೆಗೆ, ಸರ್ಕಾರವೇ ಹಾಕುತ್ತದೆ. ಐದನೇ ಕ್ಲಾಸ್ ಪಾಸಾದವರಿಗೂ ಇದರಲ್ಲಿ ದಾರಿ ಇದೆ.

ಕಾಗದದಲ್ಲಿ ಎಲ್ಲ ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟೋ ಕಡೆ ಹುಡುಗ ಇಡೀ ವರ್ಷ ಪ್ಯಾಕಿಂಗ್ ಮಾಡುತ್ತಾನೆ, ಲೇತ್ ಮಷಿನ್ ಕೆಳಗೆ ಬಿದ್ದ ಲೋಹದ ಚೂರು ಬಾಚುತ್ತಾನೆ, ಟೀ ತರುತ್ತಾನೆ, ಕೊನೆಗೆ ಒಂದು ಮಷಿನ್ ಸೆಟ್ಟಿಂಗ್ ಕೂಡ ಕೈಯಾರೆ ಮಾಡದೆ ಸರ್ಟಿಫಿಕೇಟ್ ಹಿಡಿದು ಮನೆಗೆ ಹೋಗುತ್ತಾನೆ.

ಕಿವಿ ಕೇಳಿಸದ, ಓದು ನಿಧಾನವಾದ ಮಕ್ಕಳ ವಿಷಯ ಬಂದರಂತೂ ಮೊದಲ ಮಾತೇ "ನಮ್ಮ ಶಾಪ್‌ಗೆ ಆಗಲ್ಲ ಸಾರ್." ಯಾಕೆ ಆಗಲ್ಲ? ಮಷಿನ್ ಸದ್ದಿನಲ್ಲಿ ನಾವೆಲ್ಲ ಮಾತಾಡುವುದೇ ಕೈಸನ್ನೆಯಲ್ಲಿ. ಕಿವಿ ಕೇಳಿಸದ ಹುಡುಗ ಅದನ್ನು ನಮಗಿಂತ ಬೇಗ ಹಿಡಿಯುತ್ತಾನೆ. ಅವನಿಗೆ ಕಷ್ಟ ಆಗುವುದು ಬೆಳಗಿನ ಮೀಟಿಂಗ್‌ನಲ್ಲಿ, ಸೂಪರ್‌ವೈಸರ್ ಬೋರ್ಡ್ ಕಡೆ ಮುಖ ಮಾಡಿ ಇಡೀ ದಿನದ ಕೆಲಸ ಗಡಗಡ ಹೇಳಿ ಹೋದಾಗ. ಹೇಳಿದ್ದನ್ನು ಬರೆದರೆ ಸಾಕು. ಅಲಾರಂ ಇರುವ ಕಡೆ ಲೈಟ್ ಬೇಕು, ಹಿಂದಿನಿಂದ ಫೋರ್ಕ್‌ಲಿಫ್ಟ್ ಬರುವ ದಾರಿಯಲ್ಲಿ ಅವನ ಮಷಿನ್ ಇರಬಾರದು. ಇದಕ್ಕೇನು ಲಕ್ಷಗಟ್ಟಲೆ ಖರ್ಚಾಗುವುದಿಲ್ಲ.

ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿ ತೊಡಕು, ಇರುವವರದ್ದು ಬೇರೆ ಕಥೆ. ಡ್ರಾಯಿಂಗ್ ನೋಡಿ ಜಾಬ್, ಅಂದರೆ ಮಾಡಬೇಕಾದ ಭಾಗ, ಹೇಗಿರಬೇಕು ಅಂತ ಹೇಳಬಲ್ಲ, ಆದರೆ 12.34 ಅನ್ನು ಅಳತೆ ಬರೆಯುವ ಜಾಬ್ ಕಾರ್ಡಲ್ಲಿ 12.43 ಅಂತ ಬರೆದುಬಿಡುತ್ತಾನೆ. ಬೈದರೆ ಸರಿಹೋಗುವ ವಿಷಯ ಅಲ್ಲ ಇದು. ಅಳತೆ ಸರಿ ಇದೆಯೇ ಅಂತ ನೋಡುವ ಗೋ, ನೋ-ಗೋ ಗೇಜ್ ಕೊಡಿ. ಒಂದು ಕಡೆ ಹೋಗಬೇಕು, ಇನ್ನೊಂದು ಕಡೆ ಹೋಗಬಾರದು, ಅಂಕಿ ಓದುವ ಗೋಜೇ ಇಲ್ಲ. ಹೇಗಿದ್ದರೂ ಪ್ರೊಡಕ್ಷನ್‌ನಲ್ಲಿ ಎಲ್ಲರೂ ಅದನ್ನೇ ಬಳಸುವುದು!

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದವು, 2016ರದ್ದರಲ್ಲಿ 21. ಕಲಿಕೆಯ ತೊಂದರೆ, ಆಟಿಸಂ ಸೇರಿದ್ದು ಆಗಲೇ. ಬರೆಯಲು ಕಷ್ಟ ಇರುವವರಿಗೆ ಪರೀಕ್ಷೆಯಲ್ಲಿ ಸಹಾಯಕರನ್ನೂ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಕೊಡಬೇಕು ಅಂತ 2018ರಲ್ಲೇ ಮಾರ್ಗಸೂಚಿ ಬಂದಿದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನೀವೇ ಮೊದಲೇ ಬರೆದು ಕೇಳಬೇಕು.

ನಮ್ಮ ಮೆಕ್ಯಾನಿಕಲ್ ಕಡೆಯೇ ಬೇಕು ಅಂತೇನಿಲ್ಲ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ನೋಡಿ. ಬುದ್ಧಿ ಬೆಳವಣಿಗೆ ನಿಧಾನವಾದವರೂ ಅಲ್ಲಿ ಕೆಲಸ ಮಾಡುತ್ತಾರೆ, ಸುಪ್ರೀಂ ಕೋರ್ಟ್ ಆವರಣದಲ್ಲೂ ಅವರ ಕೆಫೆ ಇದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗುವಿನ ತೊಂದರೆ ಮುಚ್ಚಿಟ್ಟು ಸೇರಿಸಬೇಡಿ. ಎಚ್‌ಆರ್‌ಗೆ ಮಾತ್ರ ಹೇಳಿ ಬಂದರೂ ಸಾಲದು, ಕಲಿಸುವವರಿಗೇ ಹೇಳಿ. 18 ತುಂಬದಿದ್ದರೆ ಒಪ್ಪಂದಕ್ಕೆ ಸಹಿ ಹಾಕುವವರು ನೀವೇ, ಹಾಗಾಗಿ ಕೇಳುವ ಹಕ್ಕೂ ನಿಮ್ಮದೇ. ಮೊದಲ ಮೂರು ತಿಂಗಳು ಯಾವ ಮಷಿನ್? ಪಕ್ಕದಲ್ಲಿ ನಿಂತು ತೋರಿಸುವವರು ಯಾರು? ಒಂದು ಹೆಸರೂ ಹೇಳಲಾಗದೆ "ಎಲ್ಲ ನೋಡ್ಕೋತೀವಿ ಸಾರ್" ಅಂದರೆ ಸುಮ್ನೆ ಎದ್ದು ಬನ್ನಿ. ಪೀಣ್ಯದಲ್ಲಿ ಕಂಪನಿಗಳಿಗೇನೂ ಬರವಿಲ್ಲ.