ಬರಿಯ ಎಕ್ಸ್ ಮೇಲೆ ಫೈರ್‌ಫಾಕ್ಸ್: ಮೂರನೆಯ ವಾರದ ವರದಿ

ಡೆಸ್ಕ್‌ಟಾಪ್ ಪರಿಸರವಿರಲಿ, ವಿಂಡೋ ಮ್ಯಾನೇಜರ್ (ಕಿಟಕಿಗಳ ಗಾತ್ರ, ಜಾಗ ನೋಡಿಕೊಳ್ಳುವ ತಂತ್ರಾಂಶ) ಕೂಡ ಇಲ್ಲದೆ, 2 ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲಿ ಎಕ್ಸ್ ಸರ್ವರ್ (ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಪರದೆಗೆ ಚಿತ್ರ ಮೂಡಿಸಿ, ಕೀಲಿ-ಮೌಸ್ ಸಂದೇಶ ತಲುಪಿಸುವ ತಂತ್ರಾಂಶ) ಮತ್ತು ಫೈರ್‌ಫಾಕ್ಸ್ ಎರಡನ್ನೇ ಓಡಿಸಬೇಕೆಂದು ಹಿಡಿದಿದ್ದ ಹಟವನ್ನು ಈ ವಾರ ಬಿಟ್ಟಿದ್ದೇನೆ. ಡ್ರೈವರ್, ಫಾಂಟ್‌ಗಳ ಕೆಲಸ ಸಲೀಸಾಗಿ ಮುಗಿದಿತ್ತು. ಎಕ್ಸ್ ಶುರುವಾದಾಗ ಏನು ಓಡಬೇಕೆಂದು ಹೇಳುವ ಎಕ್ಸ್‌ಇನಿಟ್‌ಆರ್‌ಸಿ ಕಡತದಲ್ಲಿ ಒಂದೇ ಸಾಲು ಬರೆದು, ಎಕ್ಸ್ ಶುರುಮಾಡುವ ಸ್ಟಾರ್ಟ್‌ಎಕ್ಸ್ ಆದೇಶ ಕೊಟ್ಟಾಗ ಬ್ರೌಸರ್ ತೆರೆಯಿತಾದರೂ ಪರದೆಯ ಮುಕ್ಕಾಲು ಭಾಗವನ್ನಷ್ಟೇ ತುಂಬಿತು. ಎಫ್11 ಒತ್ತಿದರೂ ಹಿಗ್ಗಲಿಲ್ಲ. ಪೂರ್ಣ ಪರದೆ ಬೇಕೆಂಬ ಕೋರಿಕೆಯನ್ನು ಬ್ರೌಸರ್ ಕಳಿಸುವುದು ವಿಂಡೋ ಮ್ಯಾನೇಜರಿಗೆ. ಇಲ್ಲಿ ಅದನ್ನು ಕೇಳಿಸಿಕೊಳ್ಳುವವರೇ ಇರಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ತಲೆ ಕೆಡಿಸಿದ್ದು ಟೈಪಿಂಗ್. ಅಕ್ಷರಗಳು ಒಮ್ಮೆ ಮೂಡುತ್ತಿದ್ದವು, ಒಮ್ಮೆ ಮೂಡುತ್ತಿರಲಿಲ್ಲ. ಕೀಲಿಮಣೆಯನ್ನೇ ಶಂಕಿಸಿ ಹೊಸದನ್ನು ತರಿಸಿದೆ. ಮಾರಾಟಗಾರನ ಚಿತ್ರದಲ್ಲಿ ತಂತಿ ಇತ್ತು, ಬಂದದ್ದು ತಂತಿಯಿಲ್ಲದ ಮಾದರಿ, ಅದರ ಜೊತೆಗಿರಬೇಕಿದ್ದ ರಿಸೀವರ್ ಮಾತ್ರ ಡಬ್ಬಿಯಲ್ಲಿರಲಿಲ್ಲ. ಹೀಗೆ ನನ್ನ ಬಳಿ ಈಗ ನಿಜಕ್ಕೂ ಟೈಪ್ ಆಗದ ಕೀಲಿಮಣೆಯೊಂದಿದೆ.

ಫೋಕಸ್ (ಒತ್ತಿದ ಕೀಲಿಗಳು ಯಾವ ಕಿಟಕಿಗೆ ಹೋಗಬೇಕೆಂಬ ಗುರುತು) ಎಲ್ಲಿದೆಯೆಂದು, ಕಿಟಕಿಗಳನ್ನು ಆದೇಶಗಳಿಂದ ನಿಯಂತ್ರಿಸುವ ಎಕ್ಸ್‌ಡುಟೂಲ್‌ಗೆ ಕೇಳಿದರೆ, ಫೋಕಸ್ ಪಡೆದ ಕಿಟಕಿಯ ಸಂಖ್ಯೆ 1 ಎಂದೂ, ಇದು ಬಹುಶಃ ಎಕ್ಸ್ ಸರ್ವರಿನ ದೋಷವೆಂದೂ ಹೇಳಿತು. ಅದನ್ನು ನಂಬಿ ಎರಡು ಸಂಜೆ ಕಳೆದೆ. ವಾಸ್ತವದಲ್ಲಿ 1 ಎಂಬುದು ಕಿಟಕಿಯೇ ಅಲ್ಲ; ಎಕ್ಸ್ ಭಾಷೆಯಲ್ಲಿ ಅದಕ್ಕೆ ಪಾಯಿಂಟರ್‌ರೂಟ್ ಎಂದು ಹೆಸರು, ಅಂದರೆ ಫೋಕಸನ್ನು ಯಾರೂ ನಿಗದಿಪಡಿಸದಿದ್ದಾಗ ಮೌಸ್ ಬಾಣ ಯಾವ ಕಿಟಕಿಯ ಮೇಲಿದೆಯೋ ಕೀಲಿಗಳು ಅದಕ್ಕೇ ಹೋಗುತ್ತವೆ. ಓದಲು ಅಡ್ಡಿಯಾಗಬಾರದೆಂದು ನಾನು ಬಾಣವನ್ನು ಖಾಲಿ ಉಳಿದಿದ್ದ ಕಾಲು ಭಾಗಕ್ಕೆ ಸರಿಸಿಡುತ್ತಿದ್ದೆ. ಅಲ್ಲಿಂದಾಚೆಗೆ ಹೊಡೆದ ಅಕ್ಷರಗಳೆಲ್ಲ ಶೂನ್ಯದ ಪಾಲು.

ಕಾರಣ ತಿಳಿದ ಮೇಲೂ ಹಟ ಇಳಿಯಲಿಲ್ಲ. ಎಕ್ಸ್‌ಡುಟೂಲ್‌ನಿಂದಲೇ ಕಿಟಕಿಯನ್ನು ಪರದೆಯಷ್ಟು ಹಿಗ್ಗಿಸಿ, ಫೋಕಸನ್ನು ಬಲವಂತವಾಗಿ ಅದಕ್ಕೆ ಕಟ್ಟಿಹಾಕಿದೆ. ಕಡತ ಉಳಿಸುವ ಸಂವಾದಪೆಟ್ಟಿಗೆ ತೆರೆಯುವವರೆಗೆ ಎಲ್ಲವೂ ಸೊಗಸಾಗಿತ್ತು. ಪೆಟ್ಟಿಗೆ ಮೇಲೆ ಬಂದರೂ ಫೋಕಸ್ ಹಿಂದಿನ ಕಿಟಕಿಯಲ್ಲೇ ಉಳಿದಿತ್ತು, ಕಡತಕ್ಕೆಂದು ಹೊಡೆದ ಹೆಸರು ಪುಟದ ಹುಡುಕು ಪಟ್ಟಿಗೆ ಹೋಗಿ ಬಿತ್ತು. ಪ್ರತಿ ಹೊಸ ಕಿಟಕಿಯನ್ನೂ ಕಾದು ಫೋಕಸ್ ದಾಟಿಸುವ ಸ್ಕ್ರಿಪ್ಟನ್ನು ಅರ್ಧ ಬರೆದಾಗ, ನಾನು ಬರೆಯುತ್ತಿರುವುದು ಒಂದು ಕಳಪೆ ವಿಂಡೋ ಮ್ಯಾನೇಜರ್ ಎಂಬುದು ಹೊಳೆಯಿತು.

ಈಗ ಶೀರ್ಷಿಕೆಪಟ್ಟಿಯಿಲ್ಲದ ಮ್ಯಾಚ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ ಹಿನ್ನೆಲೆಯಲ್ಲಿ ಓಡುತ್ತಿದೆ, ಕಡತದಲ್ಲಿ ಅದರ ಕೆಳಗಿನ ಸಾಲಿನಲ್ಲಿ ಫೈರ್‌ಫಾಕ್ಸ್. ಬ್ರೌಸರನ್ನು ಎಕ್ಸೆಕ್ (ಸ್ಕ್ರಿಪ್ಟಿನ ಜಾಗದಲ್ಲೇ ತಂತ್ರಾಂಶವನ್ನು ಓಡಿಸುವ ಆದೇಶ) ಮೂಲಕ ಕೊನೆಗೆ ಕರೆದಿರುವುದರಿಂದ ಅದನ್ನು ಮುಚ್ಚಿದೊಡನೆ ಎಕ್ಸ್ ಕೂಡ ನಿಲ್ಲುತ್ತದೆ, ಇದು ನನಗೆ ಬಹಳ ಹಿಡಿಸಿತು.

ಮುಂದಿನ ಪ್ರಯೋಗ, ಎಕ್ಸ್‌ಗೆ ಬದಲಿಯಾದ ವೇಲ್ಯಾಂಡ್ ಮೇಲೆ ಕೇಜ್ ಎಂಬ ಕಾಂಪೊಸಿಟರ್ (ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ತಂತ್ರಾಂಶ). ಅಲ್ಲಿ ಕಿಟಕಿಗಳ ಯಜಮಾನಿಕೆ ಕಾಂಪೊಸಿಟರಿನದೇ ಆದ್ದರಿಂದ ಈ ಅನಾಥಸ್ಥಿತಿಗೆ ಎಡೆಯಿಲ್ಲ. ಫೈರ್‌ಫಾಕ್ಸ್ ಕೂಡ 2023ರ 121ನೇ ಆವೃತ್ತಿಯಿಂದ ವೇಲ್ಯಾಂಡನ್ನೇ ಮೊದಲು ಆರಿಸಿಕೊಳ್ಳುತ್ತದೆ. ರಿಸೀವರ್ ಬಂದರೆ ಆ ಹೊಸ ಕೀಲಿಮಣೆಯನ್ನು ಅದಕ್ಕೇ ಜೋಡಿಸುತ್ತೇನೆ.