ವಿಂಡೋಸ್ ಆಟ, ಲಿನಕ್ಸ್ ಯಂತ್ರ: ಎರಡನೆಯ ತಿಂಗಳ ಟಿಪ್ಪಣಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಲ್ಯಾಪ್‌ಟಾಪ್ ಆರನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರಿನದು. ಅದಕ್ಕೆ 8 ಜಿಬಿ ರ‍್ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಕೆಲಸಕ್ಕೇನೂ ಕುಂದಿಲ್ಲದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿದೆ. ಡಿಸ್ಕೊ ಎಲಿಸಿಯಮ್ ಎಂಬ ಪತ್ತೇದಾರಿ ಕಥೆಯ ಆಟವನ್ನು ಇದರಲ್ಲೇ ಕೊನೆಯವರೆಗೆ ಆಡಬೇಕೆಂಬುದು ನಾನು ಇಟ್ಟುಕೊಂಡ ಗುರಿ.

2019ರಲ್ಲಿ ವಿಂಡೋಸ್‌ಗಾಗಿ ಬಂದ ಈ ಆಟಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ಆಟಕ್ಕೂ ಲಿನಕ್ಸ್‌ಗೂ ನಡುವೆ ನಿಂತು ಕೆಲಸ ಮಾಡುವುದು ಪ್ರೋಟಾನ್ ಎಂಬ ತಂತ್ರಾಂಶ. 1993ರಲ್ಲಿ ಆರಂಭವಾದ ವೈನ್ ಯೋಜನೆಯ ತಳಹದಿಯ ಮೇಲೆ ವಾಲ್ವ್ ಸಂಸ್ಥೆ ಇದನ್ನು 2018ರಲ್ಲಿ ಹೊರತಂದಿತು. ವೈನ್ ಇಡೀ ವಿಂಡೋಸನ್ನು ಒಳಗೆ ಓಡಿಸುವುದಿಲ್ಲ. ಆಟವು ವಿಂಡೋಸ್‌ಗೆಂದು ಕೇಳುವ ಪ್ರತಿಯೊಂದು ಬೇಡಿಕೆಯನ್ನೂ ದುಭಾಷಿಯಂತೆ ಲಿನಕ್ಸ್‌ಗೆ ತಿಳಿಯುವ ಹಾಗೆ ಹೇಳುತ್ತದೆ. ಚಿತ್ರ ಬಿಡಿಸಲು ವಿಂಡೋಸ್‌ನಲ್ಲಿರುವ ಡೈರೆಕ್ಟ್3ಡಿ ಆಜ್ಞೆಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಆಜ್ಞೆಗಳಿಗೆ ಬದಲಿಸುವ ಹೊಣೆ ಡಿಎಕ್ಸ್‌ವಿಕೆ ಎಂಬ ಇನ್ನೊಂದು ತಂತ್ರಾಂಶದ್ದು.

ಮೊದಲ ವಾರ ಆಟ ತೆರೆಯಲೇ ಇಲ್ಲ. ವಾಲ್ವ್‌ನ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ ಆಟ ತೆರೆಯುವ ಹಸಿರು ಗುಂಡಿ ಒತ್ತಿದರೆ ಅದು ನೀಲಿಯಾಗಿ, ಹತ್ತು ಸೆಕೆಂಡಿನಲ್ಲಿ ಮತ್ತೆ ಹಸಿರಾಗುತ್ತಿತ್ತು. ದೋಷದ ಒಂದು ಮಾತೂ ತೆರೆಯ ಮೇಲೆ ಬರುತ್ತಿರಲಿಲ್ಲ. ಡ್ರೈವರ್ ಬದಲಿಸಿದೆ, ಪ್ರೋಟಾನ್‌ನ ಮೂರು ಆವೃತ್ತಿಗಳನ್ನು ಹಾಕಿ ತೆಗೆದೆ, ಎರಡು ರಾತ್ರಿ ನಿದ್ದೆ ಕೆಟ್ಟೆ. ಕೊನೆಗೆ ಲಾಗ್, ಅಂದರೆ ನಡೆದದ್ದರ ದಾಖಲೆ, ಬರೆಯುವ ಸೂಚನೆಯನ್ನು ಸ್ಟೀಮ್‌ನ ಲಾಂಚ್ ಆಪ್ಷನ್‌ನಲ್ಲಿ ಸೇರಿಸಿದಾಗ, ಸ್ಟೀಮ್‌ನಲ್ಲಿ ಆಟದ ಸಂಖ್ಯೆಯಾದ 632470 ಹೆಸರಿನಲ್ಲಿದ್ದ ಕಡತವೊಂದು ಹೋಮ್ ಫೋಲ್ಡರಿನಲ್ಲಿ ಕಾಣಿಸಿಕೊಂಡಿತು. ಅದನ್ನು ಓದಿದ ಮೇಲೆ ತಪ್ಪು ನನ್ನದೇ ಎಂದು ತಿಳಿಯಿತು. ಡೌನ್‌ಲೋಡ್ ಮತ್ತೊಮ್ಮೆ ಮಾಡುವ ಬೇಸರಕ್ಕೆ ನಾನು ಆಟವನ್ನು ಹಳೆಯ ವಿಂಡೋಸ್‌ನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಇದ್ದ ಡಿಸ್ಕ್ ವಿಭಾಗದಲ್ಲೇ ಬಿಟ್ಟಿದ್ದೆ. ಪ್ರೋಟಾನ್ ಪ್ರತಿಯೊಂದು ಆಟಕ್ಕೂ ಕಾಂಪ್ಯಾಟ್‌ಡೇಟಾ ಎಂಬ ಫೋಲ್ಡರಿನಲ್ಲಿ ಒಂದು ಪುಟ್ಟ ಸಿ ಡ್ರೈವನ್ನು ಕಟ್ಟುತ್ತದೆ, ಮತ್ತು ಆ ಡ್ರೈವಿಗೆ ದಾರಿ ತೋರುವ ಕೊಂಡಿಯ ಹೆಸರಿನಲ್ಲಿ ಸಿ ಅಕ್ಷರದ ಮುಂದೆ ಕೋಲನ್ ಚಿಹ್ನೆ ಇರುತ್ತದೆ. ವಿಂಡೋಸ್‌ನ ನಿಯಮದ ಪ್ರಕಾರ ಕಡತದ ಹೆಸರಿನಲ್ಲಿ ಕೋಲನ್ ಬರುವಂತಿಲ್ಲ. ಅಷ್ಟು ದೊಡ್ಡ ಆಟ ಎರಡು ಚುಕ್ಕಿಗಳಿಗೆ ಎಡವಿ ಬಿದ್ದಿತ್ತು! ಎಲ್ಲವನ್ನೂ ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಎಕ್ಸ್ಟ್4 ಇದ್ದ ವಿಭಾಗಕ್ಕೆ ಸಾಗಿಸಿದ ಮೇಲೆ ಮೊದಲ ಯತ್ನಕ್ಕೇ ತೆರೆಯಿತು. ಉಳಿಸಿದ ಆಟವೂ ಆ ಪುಟ್ಟ ಸಿ ಡ್ರೈವಿನೊಳಗೇ ಇರುವುದರಿಂದ, ಕಾಂಪ್ಯಾಟ್‌ಡೇಟಾವನ್ನು ಕಸವೆಂದು ಅಳಿಸುವವರು ಮೊದಲು ಅದರ ಪ್ರತಿ ತೆಗೆದಿಟ್ಟುಕೊಳ್ಳಬೇಕು.

ಮೂರನೆಯ ವಾರದ ಪೆಟ್ಟು ಕನ್ನಡದಿಂದಲೇ ಬಂತು. ಆಟ ಕಟ್ಟುವ ತಂತ್ರಾಂಶವಾದ ಆರ್‌ಪಿಜಿ ಮೇಕರ್ ಎಕ್ಸ್‌ಪಿಯಲ್ಲಿ ತಯಾರಾದ ಹಳೆಯದೊಂದು ಕಥನದ ಆಟವನ್ನು, ಅಭಿಮಾನದಿಂದ ‘ಆಟಗಳು’ ಎಂದು ಹೆಸರಿಟ್ಟಿದ್ದ ಫೋಲ್ಡರಿನಲ್ಲಿ ಇಟ್ಟಿದ್ದೆ. ಕಡತ ಸಿಗಲಿಲ್ಲವೆಂದು ಅದು ನಿಂತುಬಿಟ್ಟಿತು. ಲಾಗ್‌ನಲ್ಲಿ ಫೋಲ್ಡರಿನ ಹೆಸರಿದ್ದ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿದ್ದವು. ಕಣ್ಣಿಗೆ ಕಾಣುವ ಅಕ್ಷರ ನಾಲ್ಕೇ ಆದರೂ ‘ಳು’ವಿನ ಕೊಂಬಿಗೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಬೇರೆಯೇ ಸಂಕೇತವಿರುವುದರಿಂದ ಲೆಕ್ಕ ಐದಕ್ಕೆ ಬರುತ್ತದೆ. ಹಳೆಯ ಆಟಗಳು ಯೂನಿಕೋಡ್ ಬಿಟ್ಟು ಕೋಡ್ ಪೇಜ್ ಎಂಬ ಹಿಂದಿನ ಪಟ್ಟಿಗಳನ್ನು ನೆಚ್ಚಿಕೊಂಡಿದ್ದವು, ಮತ್ತು ಅಂಥ ಆಟಗಳು ನೆಚ್ಚಬಲ್ಲ ಪಟ್ಟಿ ವಿಂಡೋಸ್‌ನಲ್ಲಿ ಕನ್ನಡಕ್ಕೆ ಇಲ್ಲ. ಅಂದರೆ ಅಸಲಿ ವಿಂಡೋಸ್‌ನಲ್ಲಿಯೂ ಈ ಆಟ ಇಲ್ಲೇ ಮುಗ್ಗರಿಸುತ್ತಿತ್ತು; ವೈನ್ ಆ ಕೊರತೆಯನ್ನೂ ನಿಷ್ಠೆಯಿಂದ ಅನುವಾದಿಸಿದೆ. ಫೋಲ್ಡರಿನ ಹೆಸರನ್ನು ಮನಸ್ಸಿಲ್ಲದ ಮನಸ್ಸಿನಿಂದ ಇಂಗ್ಲಿಷಿಗೆ ಬದಲಿಸಿದೆ.

ಮತ್ತೊಂದು ಆಟದಲ್ಲಿ ಕಥೆಯ ನಡುವೆ ಬರಬೇಕಾದ ವಿಡಿಯೊದ ಬದಲು, ಹಿಂದೆ ದೂರದರ್ಶನದಲ್ಲಿ ಕಾರ್ಯಕ್ರಮಕ್ಕೆ ಮುನ್ನ ಕಾಣುತ್ತಿದ್ದಂಥ ಬಣ್ಣದ ಪಟ್ಟಿಗಳು ಬಂದವು. ವಿಡಿಯೊ ಬಿಚ್ಚುವ ಕೋಡೆಕ್ ಇಲ್ಲದಿದ್ದಾಗ ಪ್ರೋಟಾನ್ ಹೀಗೆ ಮಾಡುತ್ತದೆ. ಸಮುದಾಯದವರು ಸಿದ್ಧಪಡಿಸುವ ಜಿಇ-ಪ್ರೋಟಾನ್ ಹಾಕಿದ ಮೇಲೆ ಸರಿಹೋಯಿತು.

ಇನ್ನು ವೇಗದ ವಿಚಾರ. ಡಿಸ್ಕೊ ಎಲಿಸಿಯಮ್ ನನ್ನಲ್ಲಿ ಸೆಕೆಂಡಿಗೆ 20ರಿಂದ 25 ಫ್ರೇಮ್‌ಗಳಲ್ಲಿ ಓಡುತ್ತಿದೆ. ಓಡಿ ಗುಂಡು ಹಾರಿಸುವ ಆಟವಾಗಿದ್ದರೆ ಇದು ಸಾಲುತ್ತಿರಲಿಲ್ಲ. ಇಲ್ಲಿ ನೆನಪು ಕಳೆದುಕೊಂಡ ಪತ್ತೇದಾರನ ತಲೆಯೊಳಗೆ 24 ಕೌಶಲಗಳು ಒಂದೊಂದು ದನಿಯಾಗಿ ವಾದಿಸುತ್ತವೆ, ನಾವು ಓದುತ್ತೇವೆ, ಉತ್ತರ ಆರಿಸುತ್ತೇವೆ. ಆದ್ದರಿಂದ ವೇಗಕ್ಕಾಗಿ ರೆಸಲ್ಯೂಷನ್ ತಗ್ಗಿಸುವ ಸಾಮಾನ್ಯ ಉಪಾಯ ಇಂಥ ಆಟಕ್ಕೆ ತಕ್ಕುದಲ್ಲವೆಂಬುದು ನನ್ನ ಅಭಿಪ್ರಾಯ. ತಗ್ಗಿಸಿದ ಕೂಡಲೇ ಅಕ್ಷರಗಳು ಮಸುಕಾಗಿ ಅರ್ಧ ಗಂಟೆಯಲ್ಲಿ ಕಣ್ಣು ಉರಿಯತೊಡಗುತ್ತದೆ. ನಾನು ತೆರೆಯ ಮೂಲ ಅಳತೆಯಾದ 1366×768 ಅನ್ನು ಹಾಗೆಯೇ ಉಳಿಸಿಕೊಂಡು, ನೆರಳು ಮೊದಲಾದ ಅಲಂಕಾರಗಳನ್ನು ಕಡಿಮೆ ಮಾಡಿದ್ದೇನೆ.

ಮಂಡ್ಯದಿಂದ ಭಾನುವಾರ ಬಂದಿದ್ದ ತಮ್ಮ ಒಂದು ಗಂಟೆ ಪಕ್ಕದಲ್ಲಿ ಕೂತು, “ಅಣ್ಣ, ಇದ್ರಲ್ಲಿ ಹೊಡೆದಾಟ ಯಾವಾಗ ಬರುತ್ತೆ?” ಎಂದು ಕೇಳಿದ. ಅವನು ಆಡುವ ವ್ಯಾಲರಂಟ್ ಎಂಬ ಗುಂಡು ಹಾರಿಸುವ ಆಟ ಇಲ್ಲಿ ಓಡುವುದಿಲ್ಲ. ಮೋಸ ತಡೆಯಲೆಂದು ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂರುವ ಅದರ ಕಾವಲು ತಂತ್ರಾಂಶಕ್ಕೆ ವೈನ್‌ನ ದುಭಾಷಿತನ ಸಾಲದು. ಅವನು ಬಸ್ಸು ಹತ್ತಿದ ಮೇಲೆ ನಾನು ಮತ್ತೆ ಆಟ ತೆರೆದೆ. ಒಳಗೆ ಈಗ ಎರಡನೆಯ ದಿನದ ಸಂಜೆ. ಹೋಟೆಲಿನ ಹಿತ್ತಿಲಲ್ಲಿ ಮರಕ್ಕೆ ನೇತಾಡುತ್ತಿದ್ದ ಹೆಣವನ್ನು ಇಳಿಸಿಯಾಗಿದೆ.